ಮುಂಬೈ, ರನ್‌ವೇ 27, ರಾತ್ರಿ 9.09

ರನ್‌ವೇ ಪಕ್ಕದ ಹುಲ್ಲಿನಲ್ಲಿ ನಿಂತಿದ್ದೀರಿ. 2021ರ ಮೇ 6, ಗುರುವಾರ. ಹೊತ್ತು ಮುಳುಗಿ ಎರಡು ಗಂಟೆಯಾಗುತ್ತ ಬಂತು, ಮುಂಬೈಯ ಸೆಕೆ ಮಾತ್ರ ಇಳಿದಿಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಎದುರಿಗೆ ಅಗ್ನಿಶಾಮಕ ವಾಹನಗಳು ಕಪ್ಪು ರನ್‌ವೇ ಮೇಲೆ ಬಿಳಿ ನೊರೆ ಸುರಿಯುತ್ತ ಸಾಗಿವೆ. ನೂರು ಪಾಲು ದ್ರಾವಣದಲ್ಲಿ ಮೂರೋ ಆರೋ ಪಾಲು ರಾಸಾಯನಿಕ, ಉಳಿದದ್ದೆಲ್ಲ ನೀರು. ಈ ಸೆಕೆಗೆ, ಈ ಗಾಳಿಗೆ ಅದು ಬಹಳ ಹೊತ್ತು ನಿಲ್ಲುವುದಿಲ್ಲ. ಬೇಗ ಹಾಸಿದರೆ ವಿಮಾನ ಬರುವ ಮೊದಲೇ ಆರಿಹೋಗುತ್ತದೆ. ತಡವಾಗಿ ಹಾಸಲು ಹೊರಟರೆ ವಾಹನ ಇನ್ನೂ ರನ್‌ವೇ ಮೇಲಿರುವಾಗಲೇ ವಿಮಾನ ತಲೆಯ ಮೇಲೆ ಬಂದಿರುತ್ತದೆ.

ಬೇರೆ ವರ್ಷದ ಮೇ ತಿಂಗಳಾಗಿದ್ದರೆ ಈ ರನ್‌ವೇಗೆ ಇಷ್ಟು ಬಿಡುವು ಸಿಗುತ್ತಿರಲಿಲ್ಲ. ಮುಂಬೈಯಲ್ಲಿರುವ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಮ್ಮೆಗೆ ಒಂದೇ ಬಳಕೆಯಲ್ಲಿರುತ್ತದೆ, ಅದರ ಮೇಲೆ ವಿಮಾನಗಳ ಸಾಲು ಮುಗಿಯುವುದೇ ಇಲ್ಲ. ಆದರೆ ಇದು ಕೊರೊನಾ ಎರಡನೇ ಅಲೆ. ದೇಶದಲ್ಲಿ ದಿನಕ್ಕೆ 4 ಲಕ್ಷಕ್ಕೂ ಹೆಚ್ಚು ಹೊಸ ಸೋಂಕು. ಊರಲ್ಲಿ ಹಾಸಿಗೆ ಸಿಗದವರು ಮತ್ತೊಂದು ಊರಿಗೆ, ಅಲ್ಲೂ ಸಿಗದವರು ಮತ್ತೊಂದು ರಾಜ್ಯಕ್ಕೆ ಅಲೆಯುತ್ತಿದ್ದ ದಿನಗಳು. ಪ್ರಯಾಣಿಕರ ವಿಮಾನಗಳು ಕಡಿಮೆಯಾಗಿ, ಆಂಬುಲೆನ್ಸ್ ವಿಮಾನಗಳಿಗೆ ಬಿಡುವಿಲ್ಲದ ಕಾಲ.

ಈಗ ಬರುತ್ತಿರುವುದೂ ಅಂಥದ್ದೇ ಒಂದು. ಬೀಚ್‌ಕ್ರಾಫ್ಟ್ ಕಿಂಗ್ ಏರ್ ಸಿ-90, ನೋಂದಣಿ ವಿಟಿ-ಜೆಐಎಲ್. ನಾಗಪುರದಿಂದ ಹೊರಟದ್ದು. ಒಳಗೆ ಐದು ಜನ. ಒಬ್ಬರು ರೋಗಿ, ಜತೆಯಲ್ಲಿ ವೈದ್ಯರಿದ್ದಾರೆ. ನಡೆಸುತ್ತಿರುವವರು ಕ್ಯಾಪ್ಟನ್ ಕೇಸರಿ ಸಿಂಗ್. ವಿಮಾನ ನಿಲ್ದಾಣದಲ್ಲಿ ಪೂರ್ಣ ತುರ್ತುಸ್ಥಿತಿ ಸಾರಲಾಗಿದೆ. ಕಾರಣ ಇಷ್ಟೇ: ಮೂರು ಗಾಲಿಯ ವಿಮಾನದಲ್ಲಿ ಈಗ ಎರಡೇ ಗಾಲಿ ಇವೆ.

ಗಾಲಿ ಇರುವುದು ನಾಗಪುರದಲ್ಲಿ. ವಿಮಾನ ನೆಲ ಬಿಡುವ ಹೊತ್ತಿಗೆ ಕಳಚಿ ಅಲ್ಲೇ ಬಿತ್ತು. ಪಹರೆಯಲ್ಲಿದ್ದ ಸಿಐಎಸ್‌ಎಫ್ ಯೋಧನೊಬ್ಬನ ಕಣ್ಣಿಗೆ ಅದು ಬಿತ್ತು. ಆತ ಕೂಡಲೇ ಮೇಲಿನವರಿಗೆ ತಿಳಿಸಿದ, ಮಾತು ಕಂಟ್ರೋಲ್ ಟವರ್ ತಲುಪಿತು, ಅಲ್ಲಿಂದ ರೇಡಿಯೊದಲ್ಲಿ ಪೈಲಟ್‌ಗೆ.

ಇಲ್ಲಿ ಕೊಂಚ ನಿಲ್ಲಬೇಕು. ರನ್‌ವೇ ಬದಿ ಬಿಟ್ಟು ಕಾಕ್‌ಪಿಟ್‌ಗೆ ಬನ್ನಿ, ಎರಡು ಸೀಟುಗಳ ನಡುವಿಂದ ಇಣುಕಿ. ಪೈಲಟ್ ಮುಂದಿನ ಫಲಕದಲ್ಲಿ ಒಂದು ಪುಟ್ಟ ಹಿಡಿಕೆ ಇದೆ, ಲ್ಯಾಂಡಿಂಗ್ ಗೇರ್‌ನದು. ಕೆಳಕ್ಕೆ ಒತ್ತಿದರೆ ಕಾಲುಗಳು ಇಳಿಯುತ್ತವೆ, ಮೇಲಕ್ಕೆ ಎತ್ತಿದರೆ ಮಡಚಿಕೊಂಡು ಒಳಸೇರುತ್ತವೆ. ಮೂಗಿನ ಕೆಳಗೊಂದು, ಎರಡು ಎಂಜಿನ್‌ಗಳ ಕೆಳಗೆ ಒಂದೊಂದು. ಮೂರೂ ಇಳಿದು ಬಿಗಿಯಾಗಿ ನಿಂತಾಗ ಮೂರು ಹಸಿರು ದೀಪ ಹೊತ್ತಿಕೊಳ್ಳುತ್ತವೆ. ಇಳಿಯುವ ಮುನ್ನ ಪೈಲಟ್ ಆ ಮೂರು ಹಸಿರನ್ನು ನೋಡಿ ಬಾಯಿಬಿಟ್ಟು ಹೇಳಬೇಕು. ತರಬೇತಿಯ ಮೊದಲ ದಿನಗಳಿಂದ ರೂಢಿ ಮಾಡಿಸಿದ್ದು.

ಆದರೆ ಆ ದೀಪಗಳು ನೋಡುವುದು ಕಾಲನ್ನು, ಗಾಲಿಯನ್ನಲ್ಲ. ಕಾಲು ಪೂರ್ತಿ ಇಳಿದಿದೆಯೇ, ಬೀಗ ಕೂತಿದೆಯೇ ಎಂಬುದಷ್ಟೇ ಅವುಗಳಿಗೆ ಗೊತ್ತು. ತುದಿಯಲ್ಲಿ ಗಾಲಿ ಇದೆಯೋ ಬಿದ್ದುಹೋಗಿದೆಯೋ ಹೇಳುವ ತಂತಿ ಯಾವುದೂ ಇಲ್ಲ. ಸಿ-90ರಲ್ಲಿ ಒಂದೊಂದು ಕಾಲಿಗೂ ಒಂದೇ ಗಾಲಿ. ಇದರ ಅಣ್ಣನಂಥ ಕಿಂಗ್ ಏರ್ 200ರಲ್ಲಿ ಹಿಂಬದಿಯ ಕಾಲುಗಳಿಗೆ ಜೋಡಿ ಗಾಲಿ ಇರುತ್ತದೆ, ಒಂದು ಹೋದರೂ ಇನ್ನೊಂದು ಇದೆ. ಇಲ್ಲಿ ಆ ಭಾಗ್ಯವಿಲ್ಲ. ನಾಗಪುರದ ಆ ಯೋಧ ಆ ಕ್ಷಣ ಬೇರೆ ಕಡೆ ತಿರುಗಿದ್ದರೆ, ಕಾಕ್‌ಪಿಟ್‌ನಲ್ಲಿ ಏನೂ ಕೆಟ್ಟಂತೆ ತೋರುತ್ತಿರಲಿಲ್ಲ. ಇಳಿಯುವಾಗ ಹಿಡಿಕೆ ಕೆಳಗೆ, ಮೂರು ದೀಪ ಹಸಿರು, ಎಲ್ಲ ಸರಿಯಾಗಿದೆ ಎಂದುಕೊಂಡೇ ಮೂಳೆ ಚಾಚಿದ ಕಾಲನ್ನು ರನ್‌ವೇಗೆ ಇಡಬೇಕಾಗುತ್ತಿತ್ತು.

ಇಟ್ಟರೆ ಏನಾಗುತ್ತಿತ್ತು? ಕಡಾಣಿ ಬಿದ್ದು ಗಾಲಿ ಕಳಚಿದ ಎತ್ತಿನ ಗಾಡಿಯನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಚ್ಚು ನೆಲಕ್ಕೆ ಬಡಿದು ಕಚ್ಚುತ್ತದೆ, ಗಾಡಿ ಗಕ್ಕನೆ ಆ ಕಡೆಗೇ ತಿರುಗಿ ಮಗುಚುತ್ತದೆ. ಗಾಡಿಯದು ನಡಿಗೆಯ ವೇಗ. ಸಿ-90 ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 160-170 ಕಿಲೋಮೀಟರ್ ಆಸುಪಾಸು, ತೂಕ ನಾಲ್ಕು ಟನ್ ಆಸುಪಾಸು.

ಆದ್ದರಿಂದಲೇ ಮೊದಲು ಕೇಳಿದವರಿಗೆ ವಿಚಿತ್ರ ಎನಿಸುವ ತೀರ್ಮಾನ: ಚೆನ್ನಾಗಿರುವ ಎರಡು ಕಾಲುಗಳನ್ನೂ ಇಳಿಸದಿರುವುದು. ಮೂರನ್ನೂ ಮಡಚಿಟ್ಟು, ಹೊಟ್ಟೆಯ ಮೇಲೆ ಜಾರಿಸುವುದು. ಎಡಬಲ ಎರಡೂ ಒಂದೇ ಸಮ ಉಜ್ಜಿದರೆ ವಿಮಾನ ನೇರವಾಗಿ ಸಾಗುತ್ತದೆ. ವಿಮಾನ ಹಾಳಾಗುತ್ತದೆ, ಜನ ಉಳಿಯುತ್ತಾರೆ. ಯಂತ್ರದ ಆಸೆ ಬಿಟ್ಟರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಕೋಟಿಗಟ್ಟಲೆ ಬೆಲೆಯ ವಿಮಾನ ಕೈಯಲ್ಲಿರುವಾಗ ಆ ಆಸೆ ಬಿಡುವುದು ಹೇಳಿದಷ್ಟು ಸುಲಭವಲ್ಲ. ಅರ್ಧ ಉಳಿಸಿಕೊಳ್ಳಲು ಹೋಗಿ ಎಲ್ಲ ಕಳೆದುಕೊಂಡವರು ವಿಮಾನ ಅಪಘಾತಗಳ ವರದಿಗಳಲ್ಲಿ ಬೇಕಷ್ಟಿದ್ದಾರೆ.

ಇನ್ನು ಇಂಧನ. ದೊಡ್ಡ ಜೆಟ್‌ಗಳಲ್ಲಿ ಕೆಲವಕ್ಕೆ ಆಕಾಶದಲ್ಲೇ ಇಂಧನ ಚೆಲ್ಲುವ ಏರ್ಪಾಡಿರುತ್ತದೆ. ಸಿ-90ಗೆ ಇಲ್ಲ. ಎರಡು ಟರ್ಬೊಪ್ರಾಪ್ ಎಂಜಿನ್‌ಗಳೂ ಸೇರಿ ಗಂಟೆಗೆ ಸುಮಾರು 300 ಲೀಟರ್ ಕುಡಿಯುತ್ತವೆ. ಹಗುರಾಗಬೇಕೆಂದರೆ ಹಾರಿ ಹಾರಿಯೇ ಸುಡಬೇಕು. ಟ್ಯಾಂಕುಗಳು ರೆಕ್ಕೆಯಲ್ಲಷ್ಟೇ ಅಲ್ಲ, ಎಂಜಿನ್ ಕೂತಿರುವ ಗೂಡಿನೊಳಗೂ ಇವೆ. ಗಾಲಿ ಇಲ್ಲದೆ ಇಳಿದಾಗ ನೆಲಕ್ಕೆ ಉಜ್ಜುವ ಭಾಗಗಳಲ್ಲಿ ಆ ಗೂಡೂ ಒಂದು. ಬೆಂಕಿಯ ಭಯ ಎಲ್ಲಿಂದ ಬಂತು ಎಂಬುದು ಈಗ ತಿಳಿಯಿತಲ್ಲ.

ಹಿಂದೆ ತಿರುಗಿ. ಕ್ಯಾಬಿನ್ ಎಂದರೆ ದೊಡ್ಡದೊಂದು ವ್ಯಾನಿನಷ್ಟು ಜಾಗ, ನೆಟ್ಟಗೆ ನಿಲ್ಲುವಂತಿಲ್ಲ. ಆಂಬುಲೆನ್ಸ್ ವಿಮಾನದಲ್ಲಿ ಒಂದು ಬದಿಯ ಸೀಟು ತೆಗೆದು ಸ್ಟ್ರೆಚರ್ ಬಿಗಿದಿರುತ್ತಾರೆ. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್, ನಾಡಿ ತೋರಿಸುವ ಪರದೆ, ಔಷಧ ಇಳಿಸುವ ಪಂಪು. ಇವೆಲ್ಲ ಈಗ ಬೇರೆಯೇ ಆಗಿ ಕಾಣುತ್ತವೆ: ಬಿಗಿದಿರದ ಯಾವುದೇ ಸಾಮಾನು ನೆಲ ಮುಟ್ಟಿದ ಕ್ಷಣ ಮುಂದಕ್ಕೆ ಹಾರಿಬರುತ್ತದೆ, ಆಮ್ಲಜನಕ ಬೆಂಕಿಗೆ ಬೆಂಬಲ. ಸೀಟಿನಲ್ಲಿರುವವರು ಮುಂದಕ್ಕೆ ಬಾಗಿ ತಲೆ ಹಿಡಿದುಕೊಳ್ಳಬಹುದು. ಸ್ಟ್ರೆಚರ್ ಮೇಲಿರುವವರಿಗೆ ಅದೂ ಇಲ್ಲ, ಪಟ್ಟಿಗಳೇ ಗತಿ.

ಕಿಟಕಿಯ ಹೊರಗೆ ಮುಂಬೈ. ಪಶ್ಚಿಮಕ್ಕೆ ಮುಖ ಮಾಡಿದ ರನ್‌ವೇ ಆದ್ದರಿಂದ ಪೂರ್ವದಿಂದ ಬರಬೇಕು. ಖಾರಿಯ ಕತ್ತಲೆ ದಾಟಿ, ಘಾಟ್‌ಕೋಪರ್ ಕಡೆಯ ದೀಪಗಳ ಮೇಲಿಂದ. ಮೂರು ವರ್ಷದ ಹಿಂದೆ, 2018ರ ಜೂನ್ 28ರಂದು, ಇದೇ ಜಾತಿಯ ಇನ್ನೊಂದು ಸಿ-90 ಪರೀಕ್ಷಾ ಹಾರಾಟ ಮುಗಿಸಿ ಬರುವಾಗ ಅದೇ ಘಾಟ್‌ಕೋಪರ್‌ನಲ್ಲಿ ಕಟ್ಟಡ ಕಟ್ಟುತ್ತಿದ್ದ ಜಾಗಕ್ಕೆ ಬಿತ್ತು. ವಿಮಾನದಲ್ಲಿದ್ದ ನಾಲ್ವರು, ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ಸತ್ತರು. ಆ ಊರಿನ ಮೇಲೆ ಆ ವಿಮಾನದಲ್ಲಿ ಹಾರುವ ಯಾವ ಪೈಲಟ್‌ಗೂ ಅದು ಮರೆತುಹೋಗಿರಲಾರದು.

ರನ್‌ವೇ ದೀಪಗಳು ಎರಡು ಸಾಲಾಗಿ ಬಿಚ್ಚಿಕೊಳ್ಳುತ್ತವೆ. ನಡುವೆ ಬಿಳಿ ಪಟ್ಟಿ.

ಇನ್ನು ಮುಂದೆ ಎಲ್ಲವೂ ರೂಢಿಗೆ ವಿರುದ್ಧ. ಮೊದಲನೆಯದು ಸದ್ದು. ಕಾಲು ಇಳಿಸದೆ ಎಂಜಿನ್‌ನ ಶಕ್ತಿ ತಗ್ಗಿಸಿದರೆ ಕಿಂಗ್ ಏರ್ ಹಾರ್ನ್ ಬಡಿಯುತ್ತದೆ. ರೆಕ್ಕೆಯ ಹಿಂದಿನ ಫ್ಲ್ಯಾಪ್‌ಗಳನ್ನು ಒಂದು ಮಟ್ಟಕ್ಕಿಂತ ಹೆಚ್ಚು ಇಳಿಸಿದರಂತೂ ಅದನ್ನು ಗುಂಡಿ ಒತ್ತಿ ಸುಮ್ಮನಾಗಿಸಲೂ ಆಗದು. ಮರೆತ ಪೈಲಟ್‌ಗೆ ನೆನಪಿಸಲೆಂದೇ ಹಾಗೆ ಮಾಡಿರುವುದು. ಜಗತ್ತಿನಲ್ಲಿ ಗಾಲಿ ಇಲ್ಲದೆ ಇಳಿದ ಸಣ್ಣ ವಿಮಾನಗಳಲ್ಲಿ ಬಹಳಷ್ಟರ ಕತೆ ಯಂತ್ರದೋಷದ್ದಲ್ಲ, ಮರೆವಿನದು: ಎಲ್ಲ ನೆಟ್ಟಗಿದ್ದು, ರೇಡಿಯೊ ಮಾತಿನಲ್ಲೋ ಇನ್ನೊಂದು ವಿಮಾನಕ್ಕೆ ದಾರಿ ಬಿಡುವುದರಲ್ಲೋ ಮನಸ್ಸು ಹೋಗಿ, ಹಿಡಿಕೆ ಮೇಲೇ ಉಳಿದುಬಿಡುತ್ತದೆ. ಹಾರ್ನ್ ಕಿವಿಯ ಪಕ್ಕದಲ್ಲೇ ಬಡಿಯುತ್ತಿದ್ದರೂ ಕೇಳಿಸಿಕೊಳ್ಳದೆ ಇಳಿಸಿದವರಿದ್ದಾರೆ. ಬೇರೆ ಕೆಲಸದಲ್ಲಿ ಮುಳುಗಿದ ಮಿದುಳು ಕಿವಿಯನ್ನು ಮುಚ್ಚಿಬಿಡುತ್ತದೆ. ಬೇಕೆಂದೇ ಹೊಟ್ಟೆಯ ಮೇಲೆ ಇಳಿಸುವವರ ಕಷ್ಟ ಇದಕ್ಕೆ ತಿರುವುಮುರುವು. ಆ ಹಾರ್ನ್ ಹೇಳಿದಂತೆ ಕೇಳು ಎಂದು ವರ್ಷಗಟ್ಟಲೆ ಪಳಗಿಸಿದ ಕೈಯನ್ನು ಇವತ್ತೊಂದು ದಿನ ಹಿಡಿಕೆಯಿಂದ ದೂರ ಇಡಬೇಕು.

ಎರಡನೆಯದು ತೇಲುವಿಕೆ. ಕಾಲುಗಳು ಹೊರಗಿದ್ದರೆ ಗಾಳಿಗೆ ಅಡ್ಡ ನಿಂತು ವಿಮಾನವನ್ನು ಹಿಂದಕ್ಕೆ ಎಳೆಯುತ್ತವೆ. ಅವಿಲ್ಲದ ವಿಮಾನ ಜಾರುಗುಪ್ಪೆಯಂತಾಗಿ ವೇಗ ಬಿಡಲು ಒಪ್ಪುವುದಿಲ್ಲ. ಮೇಲಾಗಿ ರೆಕ್ಕೆ ನೆಲಕ್ಕೆ ಎಂದಿಗಿಂತ ಹತ್ತಿರ ಬಂದು, ಕೆಳಗೆ ಸಿಕ್ಕಿಕೊಂಡ ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ನೊರೆಯ ಪಟ್ಟಿ ಕೆಳಗೆ ಓಡಿಹೋಗುತ್ತಿದೆ, ವಿಮಾನ ಇನ್ನೂ ತೇಲುತ್ತಿದೆ. ಅವಸರ ಮಾಡಿ ಮೂಗು ತಗ್ಗಿಸಿದರೆ ಬಡಿಯುತ್ತದೆ. ಸುಮ್ಮನಿದ್ದರೆ ನೊರೆ ಮುಗಿಯುತ್ತದೆ.

ಮೂರನೆಯದು ಕಣ್ಣು. ಸಾವಿರ ಸಲ ಇಳಿದ ಪೈಲಟ್‌ನ ಕಣ್ಣಿಗೆ ಒಂದು ಅಳತೆ ಕೂತಿರುತ್ತದೆ: ರನ್‌ವೇ ಇಷ್ಟು ಕೆಳಗೆ ಕಂಡಾಗ ಗಾಲಿ ತಾಗಬೇಕು. ಆ ಅಳತೆ ಬರುತ್ತದೆ, ಏನೂ ತಾಗುವುದಿಲ್ಲ. ವಿಮಾನ ಇನ್ನೂ ಇಳಿಯುತ್ತದೆ. ನೆಲ ಮೇಲೆದ್ದು ಬರುತ್ತಲೇ ಇದೆ, ನಿಲ್ಲಬೇಕಾದ ಜಾಗ ದಾಟಿಯೂ ಬರುತ್ತಿದೆ. ರಾತ್ರಿ ಬೇರೆ.

ಮತ್ತೆ ಹುಲ್ಲಿನ ಮೇಲೆ ನಿಮ್ಮ ಜಾಗಕ್ಕೆ ಬನ್ನಿ, ಇನ್ನುಳಿದದ್ದನ್ನು ಹೊರಗಿಂದಲೇ ನೋಡುವುದು ಮೇಲು.

ಪೂರ್ವದ ಕತ್ತಲಲ್ಲಿ ಒಂದು ಬೆಳಕು, ಬರುಬರುತ್ತ ದೊಡ್ಡದಾಗುತ್ತದೆ. ಬಳಿ ಬಂದಾಗ ಕಣ್ಣಿಗೆ ಏನೋ ಕಡಿಮೆ ಕಂಡು ತಬ್ಬಿಬ್ಬಾಗುತ್ತದೆ: ಹೊಟ್ಟೆ ಬೋಳಾಗಿದೆ, ಕೆಳಗೆ ಏನೂ ಚಾಚಿಲ್ಲ. ರೆಕ್ಕೆ ನೆಟ್ಟಗೆ, ಅತ್ತ ಇತ್ತ ಒಂದಿಷ್ಟೂ ವಾಲದೆ. ಅದೇ ಮುಖ್ಯ. ಒಂದು ಬದಿ ಮೊದಲು ತಾಗಿದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ.

ಗಡಿಯಾರ 9 ಗಂಟೆ 9 ನಿಮಿಷ.

ಹೀಗೆ ಇಳಿಯುವಾಗ ಮೊದಲ ಏಟು ಬೀಳುವುದು ಪ್ರೊಪೆಲರ್‌ಗಳಿಗೆ. ಅವುಗಳ ತುದಿ ಹೊಟ್ಟೆಗಿಂತ ಕೆಳಗಿರುತ್ತದೆ. ಗಾಲಿ ಇದ್ದಾಗಲೇ ನೆಲಕ್ಕೂ ಅವಕ್ಕೂ ಗೇಣು ಒಂದೂವರೆ ಗೇಣು ಅಂತರ. ಅಲಗುಗಳು ನೆಲಕ್ಕೆ ಬಡಿದು ಬಾಗುತ್ತವೆ. ತನಿಖೆ ಮಾಡುವವರು ಆಮೇಲೆ ಆ ಬಾಗುವಿಕೆಯನ್ನು ನೋಡಿಯೇ ಎಂಜಿನ್ ಆಗ ಶಕ್ತಿ ಕೊಡುತ್ತಿತ್ತೇ ಇಲ್ಲವೇ ಎಂದು ಊಹಿಸುತ್ತಾರೆ. ಅದರ ಬೆನ್ನಿಗೇ ಹೊಟ್ಟೆ ತಾಗುತ್ತದೆ. ಲೋಹ ರನ್‌ವೇ ಮೇಲೆ ಉಜ್ಜುವ ಕರ್ಕಶ ಸದ್ದು, ಎರಡೂ ಬದಿಗೆ ಚಿಮ್ಮುವ ನೊರೆ. ಬ್ರೇಕ್ ಇಲ್ಲ, ಬ್ರೇಕ್ ಇರುವುದು ಗಾಲಿಯಲ್ಲಿ. ಮೂಗಿನ ಗಾಲಿ ತಿರುಗಿಸಿ ದಾರಿ ಸರಿಮಾಡುವಂತೆಯೂ ಇಲ್ಲ. ಬಾಲದ ರಡರ್‌ಗೆ ಗಾಳಿಯ ಹಿಡಿತ ಇರುವಷ್ಟು ಹೊತ್ತು ಪೈಲಟ್ ವಿಮಾನ ನಡೆಸುತ್ತಾರೆ. ವೇಗ ಇಳಿದು ಅದೂ ಸಡಿಲವಾದ ಮೇಲೆ ಅವರೂ ಒಬ್ಬ ಪ್ರಯಾಣಿಕ.

ವಿಮಾನ ಜಾರಿತು, ನಿಧಾನವಾಯಿತು, ರನ್‌ವೇ ಮೇಲೆಯೇ ನಿಂತಿತು. ಬೆಂಕಿ ಹತ್ತಲಿಲ್ಲ.

ಕಾದಿದ್ದ ವಾಹನಗಳು ಅದರ ಹಿಂದೆಯೇ ಓಡಿದವು. ಸಿ-90ರ ಬಾಗಿಲು ಎಡಗಡೆ ಹಿಂಬದಿಗೆ. ಅಡಿಯಲ್ಲಿ ಕೀಲಿದ್ದು ಹೊರಕ್ಕೆ ಮಗುಚಿ ತಾನೇ ಮೆಟ್ಟಿಲಾಗುವಂಥದ್ದು. ವಿಮಾನ ನೆಲಕ್ಕೆ ಕೂತಿರುವಾಗ ಆ ಮೆಟ್ಟಿಲಿಗೆ ಪೂರ್ತಿ ಇಳಿಯಲು ಜಾಗವೇ ಇರುವುದಿಲ್ಲ. ಆದರೆ ಇಳಿಯಬೇಕಾದ ಎತ್ತರವೂ ಈಗ ಮೊಣಕಾಲಷ್ಟೇ. ಐದೂ ಜನರನ್ನು ಸುರಕ್ಷಿತವಾಗಿ ಹೊರತಂದರು, ಸ್ಟ್ರೆಚರ್ ಮೇಲಿದ್ದ ರೋಗಿಯೂ ಸೇರಿ.

ನೊರೆಯ ಬಗ್ಗೆ ಒಂದು ಮಾತು. ಟಿವಿಯಲ್ಲಿ, ಪತ್ರಿಕೆಯಲ್ಲಿ ಎಲ್ಲೆಲ್ಲೂ ಅದೇ ಚಿತ್ರ ಬಂತು, ನೊರೆಯೇ ವಿಮಾನವನ್ನು ಉಳಿಸಿತು ಎಂಬಂತೆ. ರನ್‌ವೇಗೆ ನೊರೆ ಹಾಸುವ ಪದ್ಧತಿ ಬಗ್ಗೆ ವಾಯುಯಾನ ತಜ್ಞರಲ್ಲಿ ಒಮ್ಮತವಿಲ್ಲ. ಹಲವು ದೇಶಗಳಲ್ಲಿ ಈಗ ಅದನ್ನು ಮಾಡುವುದಿಲ್ಲ. ನೊರೆ ಹಾಸಲು ಹೊತ್ತು ಹಿಡಿಯುತ್ತದೆ, ವಿಮಾನ ಸರಿಯಾಗಿ ಅದರ ಮೇಲೆಯೇ ಇಳಿಯುತ್ತದೆಂಬ ಖಾತ್ರಿಯಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಬೆಂಕಿ ಹತ್ತಿದಾಗ ಬೇಕಾದ ನೊರೆಯನ್ನೇ ಮೊದಲು ನೆಲಕ್ಕೆ ಸುರಿದು ವಾಹನ ಖಾಲಿ ಮಾಡಿಕೊಂಡಂತಾಗುತ್ತದೆ. ಮತ್ತೆ ತುಂಬಿಸಿಕೊಂಡು ಬರುವ ಏರ್ಪಾಡಿದ್ದರೆ ಮಾತ್ರ ಅದು ಜಾಣತನ. ಮುಂಬೈಯಂಥ ದೊಡ್ಡ ನಿಲ್ದಾಣದಲ್ಲಿ ವಾಹನಗಳಿಗೂ ಜನರಿಗೂ ಕೊರತೆಯಿಲ್ಲ; ಚಿಕ್ಕ ಊರಿನ ನಿಲ್ದಾಣವಾಗಿದ್ದರೆ ಹಾಗೆ ಹೇಳುವಂತಿರಲಿಲ್ಲ.

ಎಲ್ಲ ಬಗೆಯ ಗಾಲಿ ತೊಂದರೆಗೂ ಒಂದೇ ಮದ್ದು ಎಂದೂ ಅಂದುಕೊಳ್ಳಬೇಡಿ. ಬೆಂಗಳೂರಿನವರಿಗೆ 2023ರ ಜುಲೈ 11 ನೆನಪಿರಬಹುದು. ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ಹೊರಟ ಪ್ರೀಮಿಯರ್ 1ಎ ಎಂಬ ಪುಟ್ಟ ಜೆಟ್, ಮೂಗಿನ ಗಾಲಿ ಕೈಕೊಟ್ಟು ಎಚ್‌ಎಎಲ್‌ಗೇ ವಾಪಸ್ ಬಂತು. ಒಳಗಿದ್ದವರು ಇಬ್ಬರು ಪೈಲಟ್‌ಗಳು ಮಾತ್ರ. ಅಲ್ಲಿ ಹಿಂದಿನ ಎರಡು ಕಾಲು ಎಡಬಲಕ್ಕೆ ಸಮವಾಗಿ ಇದ್ದವು, ಕೊರತೆ ಇದ್ದದ್ದು ನಡುಮಧ್ಯೆ. ಹಾಗಾಗಿ ಆ ಎರಡರ ಮೇಲೆ ಇಳಿದು, ರೆಕ್ಕೆಗೆ ಗಾಳಿಯ ಬಲ ಇರುವಷ್ಟು ಹೊತ್ತು ಮೂಗು ಎತ್ತಿ ಹಿಡಿದು, ಕೊನೆಗೆ ಮೂಗು ಉಜ್ಜಿಸಿ ನಿಲ್ಲಿಸುವುದು ಇಂಥ ಸಂದರ್ಭದ ಕ್ರಮ. ಆ ವಿಮಾನವೂ ಹಾಗೇ ನಿಂತಿತು, ಇಬ್ಬರಿಗೂ ಏನೂ ಆಗಲಿಲ್ಲ. ಎಡಬಲ ಸಮ ಇದೆಯೇ ಎಂಬುದೊಂದೇ ಪ್ರಶ್ನೆ. ಇದ್ದರೆ ಇರುವ ಕಾಲು ಬಳಸು, ಇಲ್ಲದಿದ್ದರೆ ಎಲ್ಲ ಮಡಚು.

ಮುಂಬೈಯಲ್ಲಿ ವಿಮಾನ ನಿಂತ ರಾತ್ರಿಯೇ ಆಗಿನ ವಿಮಾನಯಾನ ಸಚಿವ ಹರ್‌ದೀಪ್ ಸಿಂಗ್ ಪುರಿ ಪೈಲಟ್‌ನ ಸಮಯಪ್ರಜ್ಞೆಯನ್ನು ಟ್ವಿಟರ್‌ನಲ್ಲಿ ಕೊಂಡಾಡಿದರು. ಕೊಂಡಾಡತಕ್ಕದ್ದೇ. ಕತ್ತಲಲ್ಲಿ, ರೋಗಿಯನ್ನು ಹಿಂದಿಟ್ಟುಕೊಂಡು, ರೆಕ್ಕೆ ಒಂದಿಷ್ಟೂ ವಾಲದಂತೆ ಹೊಟ್ಟೆಯ ಮೇಲೆ ಕೂರಿಸುವುದು ಎಲ್ಲರ ಕೈಗೆ ದಕ್ಕುವ ವಿದ್ಯೆಯಲ್ಲ. ಆದರೆ ಹೀಗೆ ಒಬ್ಬರನ್ನು ಹೊಗಳಿ ಮುಗಿಸಿಬಿಟ್ಟರೆ ಎರಡು ಸಂಗತಿ ಮರೆಯಾಗುತ್ತವೆ. ಹಾರಲು ಹೊರಟ ವಿಮಾನದ ಗಾಲಿ ಕಳಚಿ ಬೀಳುವುದು ವಿಧಿಯಾಟವಲ್ಲ. ಅದಕ್ಕೆ ಬೇರಿಂಗು, ನಟ್ಟು, ಹಿಂದಿನ ತಪಾಸಣೆ, ಸಹಿ ಹಾಕಿದ ಕೈ ಎಂಬ ಸರಪಳಿ ಇರುತ್ತದೆ, ಪೈಲಟ್ ಎಷ್ಟೇ ಚೆನ್ನಾಗಿ ಇಳಿಸಿದರೂ ಆ ಪ್ರಶ್ನೆ ಅಲ್ಲೇ ಉಳಿಯುತ್ತದೆ.

ಇನ್ನೊಂದು, ಮೂರು ದೀಪಗಳಿಗೂ ಕಾಣದ್ದನ್ನು ಕಂಡ ಆ ಕಣ್ಣು. ನನ್ನನ್ನು ಕೇಳಿದರೆ ಆ ರಾತ್ರಿಯ ಹೊಗಳಿಕೆಯಲ್ಲಿ ಮೊದಲ ಪಾಲು ನಾಗಪುರದ ಸಿಐಎಸ್‌ಎಫ್ ಯೋಧನಿಗೆ ಸಲ್ಲಬೇಕು, ಎರಡನೆಯದು ಪೈಲಟ್‌ಗೆ.